ಮರಳಿ ಕಟ್ಟಿದ ದನಿ

ಒಂದು ದನಿಯನ್ನು ಗುರುತಿಸುವುದು ಸುಲಭ, ಬಣ್ಣಿಸುವುದು ಕಷ್ಟ. ಪಕ್ಕದ ಮನೆಯಲ್ಲಿ ಯಾರೋ ನುಡಿಸುತ್ತಿರುವುದು ವೀಣೆ, ಸಿತಾರ್ ಅಲ್ಲ ಎಂದು ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಲೇ ಹೇಳಿಬಿಡುತ್ತೇವೆ. ಹೇಗೆ ಗೊತ್ತಾಯಿತು ಎಂದು ಮಕ್ಕಳು ಕೇಳಿದರೆ ಮಾತ್ರ ತಡವರಿಸುತ್ತೇವೆ. ‘ವೀಣೆಯ ಹಾಗೆ ಕೇಳಿತು, ಅದಕ್ಕೆ’ ಎನ್ನುವುದಕ್ಕಿಂತ ಹೆಚ್ಚಿನ ಉತ್ತರ ನಮ್ಮಲ್ಲಿರುವುದಿಲ್ಲ. ನಿಜವಾದ ಉತ್ತರ ಬೇಕಾದರೆ ನನಗೆ ತಿಳಿದಂತೆ ಒಂದು ದಾರಿಯಿದೆ. ಆ ದನಿಯನ್ನು ಅದು ಹುಟ್ಟದ ಇನ್ನೊಂದು ವಾದ್ಯದಲ್ಲಿ ಮತ್ತೆ ಕಟ್ಟಿ ನೋಡುವುದು. ಯಾವುದನ್ನು ಬಿಟ್ಟರೂ ನಡೆಯುತ್ತದೆ, ಯಾವುದನ್ನು ಬಿಟ್ಟರೆ ದನಿಯ ಜೀವವೇ ಹೋಗುತ್ತದೆ ಎಂಬುದು ಹಾಗೆ ಕಟ್ಟುವಾಗ ಕಿವಿಗೆ ತಿಳಿಯುತ್ತದೆ.

ಹೀಗೆ ಮತ್ತೆ ಮತ್ತೆ ಕಟ್ಟಿಸಿಕೊಂಡ ದನಿಯೊಂದರ ವಿಚಾರ ಇಲ್ಲಿ ಬರೆಯುತ್ತಿದ್ದೇನೆ. ಅದು ನಮ್ಮ ಸೀಮೆಯದಲ್ಲ. ಇಂಗ್ಲೆಂಡಿನ ಬಿಬಿಸಿ ಟೆಲಿವಿಷನ್ನಿನಲ್ಲಿ 1963ರ ನವೆಂಬರ್ 23ರಂದು ಶುರುವಾದ ‘ಡಾಕ್ಟರ್ ಹೂ’ ಎಂಬ ಧಾರಾವಾಹಿಯ ಶೀರ್ಷಿಕೆ ಸಂಗೀತ ಅದು. ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡಬಲ್ಲ ವಿಚಿತ್ರ ಮನುಷ್ಯನೊಬ್ಬನ ಕಥೆ; ಶನಿವಾರ ಸಂಜೆ ಮನೆಮಂದಿಯೆಲ್ಲ ಕೂತು ನೋಡಲೆಂದು ಮಾಡಿದ್ದು. 1989ರಲ್ಲಿ ನಿಂತ ಧಾರಾವಾಹಿ 2005ರಲ್ಲಿ ಮತ್ತೆ ಶುರುವಾಯಿತು. ಇಷ್ಟು ವರ್ಷಗಳಲ್ಲಿ ಅದೇ ರಾಗವನ್ನು ಬೇರೆ ಬೇರೆ ಜನ, ಬೇರೆ ಬೇರೆ ಯಂತ್ರಗಳ ಮೇಲೆ ಕಟ್ಟಿದ್ದಾರೆ. ಅವುಗಳಲ್ಲಿ 1963ರದ್ದು, 1972ರದ್ದು ಮತ್ತು 1980ರದ್ದು ಮುಖ್ಯವಾದವು. ಇವತ್ತು ಫೋನಿನಲ್ಲಿ ಹುಡುಕಿದರೆ ಮೂರೂ ಕೇಳಸಿಗುತ್ತವೆ. ಧಾರಾವಾಹಿಯನ್ನು ನೋಡಬೇಕಾಗಿಲ್ಲ, ಸಂಗೀತವನ್ನಷ್ಟೇ ಕೇಳಿದರೆ ಸಾಕು. ಒಂದೊಂದೂ ಎರಡು ಮೂರು ನಿಮಿಷದ ಕೆಲಸ.

ಮೊದಲನೆಯದರ ಕಥೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ರಾಗ ಹಾಕಿದವರು ರಾನ್ ಗ್ರೇನರ್ ಎಂಬ ಸಂಗೀತ ಸಂಯೋಜಕರು. ಅವರು ಬರೆದುಕೊಟ್ಟದ್ದು ಒಂದೇ ಒಂದು ಹಾಳೆ. ಕೆಳಗೊಂದು ಮಂದ್ರದ ಲಯ, ಮೇಲೊಂದು ಜಾರುವ ರಾಗ, ನಡುನಡುವೆ ಗಾಳಿ, ಮೋಡ ಎಂಬಂಥ ಮಾತಿನ ಸೂಚನೆಗಳು. ಆ ಹಾಳೆ ಹೋದದ್ದು ಲಂಡನ್ನಿನ ಮೇಡಾ ವೇಲ್‌ನಲ್ಲಿದ್ದ ಬಿಬಿಸಿಯ ರೇಡಿಯೋಫೋನಿಕ್ ವರ್ಕ್‌ಷಾಪ್ ಎಂಬ ಕಾರ್ಯಾಗಾರಕ್ಕೆ. ರೇಡಿಯೋ ನಾಟಕಗಳಿಗೆ ಬೇಕಾದ ವಿಚಿತ್ರ ಸದ್ದುಗಳನ್ನು ತಯಾರಿಸಲೆಂದು 1958ರಲ್ಲಿ ತೆರೆದ ಜಾಗ ಅದು. ಅದನ್ನು ಕಟ್ಟಿದವರಲ್ಲಿ ಡ್ಯಾಫ್ನಿ ಓರಮ್ ಎಂಬ ಹೆಣ್ಣುಮಗಳೂ ಒಬ್ಬರು. ಗ್ರೇನರ್ ಅವರ ಹಾಳೆ ಅಲ್ಲಿ ಸೇರಿದ್ದು ಇನ್ನೊಬ್ಬ ಹೆಣ್ಣುಮಗಳ ಕೈಗೆ. ಆಕೆಯ ಹೆಸರು ಡೆಲಿಯಾ ಡರ್ಬಿಶೈರ್. ವಯಸ್ಸು 26.

ಕವೆಂಟ್ರಿ ಎಂಬ ಊರಿನಲ್ಲಿ ಹುಟ್ಟಿದ ಡೆಲಿಯಾ ಕೇಂಬ್ರಿಜ್‌ನ ಗರ್ಟನ್ ಕಾಲೇಜಿನಲ್ಲಿ ಗಣಿತ ಮತ್ತು ಸಂಗೀತ ಎರಡನ್ನೂ ಓದಿದವರು. ಎರಡನೆಯ ಮಹಾಯುದ್ಧದಲ್ಲಿ ಆ ಊರಿನ ಮೇಲೆ ಬಾಂಬುಗಳು ಬಿದ್ದಾಗ ಕೇಳಿದ ಸೈರನ್ನುಗಳೇ ತನ್ನ ಕಿವಿಗೆ ಬಿದ್ದ ಮೊದಲ ಎಲೆಕ್ಟ್ರಾನಿಕ್ ಸಂಗೀತ ಎಂದು ಮುಂದೆ ನೆನಪಿಸಿಕೊಂಡಿದ್ದಾರೆ. ಓದು ಮುಗಿಸಿ 1959ರಲ್ಲಿ ಡೆಕ್ಕಾ ಎಂಬ ರೆಕಾರ್ಡ್ ಕಂಪನಿಯಲ್ಲಿ ಕೆಲಸ ಕೇಳಲು ಹೋದರೆ, ರೆಕಾರ್ಡಿಂಗ್ ಸ್ಟುಡಿಯೋಗಳಲ್ಲಿ ಹೆಂಗಸರನ್ನು ತೆಗೆದುಕೊಳ್ಳುವುದಿಲ್ಲ ಎಂಬ ಉತ್ತರ ಬಂತು. 1960ರಲ್ಲಿ ಬಿಬಿಸಿಗೆ ಸೇರಿ, 1962ರಲ್ಲಿ ಈ ಕಾರ್ಯಾಗಾರಕ್ಕೆ ಬಂದರು.

ಆಗ ಅಲ್ಲಿ ಸಿಂಥಸೈಜರ್ ಇರಲಿಲ್ಲ. ಅಮೆರಿಕದ ರಾಬರ್ಟ್ ಮೂಗ್ ತಮ್ಮ ಯಂತ್ರವನ್ನು ಜನರ ಮುಂದಿಟ್ಟದ್ದೇ 1964ರಲ್ಲಿ. ಡೆಲಿಯಾ ಬಳಿ ಇದ್ದದ್ದು ಟೇಪ್ ರೆಕಾರ್ಡರುಗಳು, ಬ್ಲೇಡು, ಅಂಟು, ಮತ್ತು ಎಂಜಿನಿಯರುಗಳು ಉಪಕರಣಗಳನ್ನು ಪರೀಕ್ಷಿಸಲು ಬಳಸುವ, ಒಂದೇ ಸಮನೆ ಕೂಗುವ ಆಸಿಲೇಟರುಗಳು. ಮಂದ್ರದ ಲಯಕ್ಕೆ ಒಂದು ತಂತಿಯನ್ನು ಮೀಟಿ ಆ ಒಂದು ಮೀಟನ್ನು ಟೇಪಿಗೆ ಹಿಡಿದರು. ಆ ಟೇಪನ್ನು ನಿಧಾನ ಓಡಿಸಿದರೆ ಶ್ರುತಿ ಇಳಿಯುತ್ತದೆ, ಜೋರಾಗಿ ಓಡಿಸಿದರೆ ಏರುತ್ತದೆ. ಹೀಗೆ ಬೇಕಾದ ಪ್ರತಿ ಸ್ವರಕ್ಕೂ ಒಂದೊಂದು ಪ್ರತಿ ಮಾಡಿಕೊಂಡು, ಬ್ಲೇಡಿನಿಂದ ತುಂಡು ಮಾಡಿ, ಒಂದರ ಪಕ್ಕ ಒಂದು ಅಂಟಿಸಿದರು. ಸ್ಟುಡಿಯೋದ ಟೇಪು ಸೆಕೆಂಡಿಗೆ 15 ಅಂಗುಲದಂತೆ ಓಡುತ್ತಿದ್ದರೆ, ಅರ್ಧ ಸೆಕೆಂಡಿನ ಸ್ವರ ಎಂದರೆ ಏಳೂವರೆ ಅಂಗುಲದ ತುಂಡು. ರವಿಕೆಯ ಬಟ್ಟೆಗೆ ಅಳತೆ ಹಾಕಿದಂತೆ ತಾಳಕ್ಕೆ ಅಳತೆ ಹಾಕಿ ಕತ್ತರಿಸಬೇಕು.

ಮೇಲಿನ ರಾಗವನ್ನು ಆಸಿಲೇಟರಿನ ಗುಂಡಿಯನ್ನು ಕೈಯಿಂದ ತಿರುಗಿಸಿ ಮಾಡಿದ್ದು. ಗಾಳಿ ಮೋಡಗಳಿಗೆ, ರೇಡಿಯೋದಲ್ಲಿ ಸ್ಟೇಷನ್ ಸಿಗದಿದ್ದಾಗ ಬರುತ್ತದಲ್ಲ, ಆ ‘ಶ್’ ಎನ್ನುವ ಸದ್ದನ್ನು ಸೋಸಿ ಬಳಸಿದರು. ಎಲ್ಲವನ್ನೂ ಒಂದೇ ಟೇಪಿನಲ್ಲಿ ಪದರಪದರವಾಗಿ ಹಿಡಿಯುವ ಯಂತ್ರ ಅಲ್ಲಿರಲಿಲ್ಲ. ಬೇರೆ ಬೇರೆ ಯಂತ್ರಗಳಲ್ಲಿ ಟೇಪು ಹಾಕಿ ಒಟ್ಟಿಗೆ ಗುಂಡಿ ಒತ್ತಬೇಕು, ಅವು ಕೂಡಿ ಓಡಬೇಕು. ಎಲ್ಲೋ ಒಂದು ಸ್ವರ ತಾಳ ತಪ್ಪುತ್ತಿದೆ ಎನ್ನಿಸಿದಾಗ, ಡೆಲಿಯಾ ಮತ್ತು ಆಕೆಯ ಸಹಾಯಕ ಡಿಕ್ ಮಿಲ್ಸ್ ಸುರುಳಿಗಳನ್ನು ಆ ಕಟ್ಟಡದ ಉದ್ದದ ಹಜಾರದಲ್ಲಿ ಪಕ್ಕಪಕ್ಕಕ್ಕೆ ಬಿಚ್ಚಿ ಹಾಸಿ, ಅಂಟಿಸಿದ ಜಾಗಗಳನ್ನು ತಾಳೆ ನೋಡಿ, ಆ ತುಂಡನ್ನು ಹುಡುಕಿದರಂತೆ.

ಈ ದನಿ ಜನರ ಕಿವಿಗೆ ಬಿದ್ದಾಗ ಅದನ್ನು ಯಾವ ವಾದ್ಯವೆಂದು ಗುರುತಿಸಲು ಯಾರಿಗೂ ಆಗುವಂತಿರಲಿಲ್ಲ. ಇಂದು ಕೇಳುವವರು ‘ಇದು ಯಾವುದೋ ಸಿಂಥಸೈಜರ್’ ಎನ್ನುತ್ತಾರೆ. ಸಿಂಥಸೈಜರ್ ಅಂಗಡಿಗೆ ಬರುವ ಮೊದಲೇ ಹುಟ್ಟಿದ ಸಿಂಥಸೈಜರ್ ದನಿ ಇದು. ಆಮೇಲೆ ಬಂದ ಸಿಂಥಸೈಜರುಗಳು ಈ ದನಿಯನ್ನು ತಾವೂ ನುಡಿಯಲು ಕಲಿಯಬೇಕಾಯಿತು.

ಕಲಿಯುವುದೆಂದರೇನು ಎಂಬುದು ನನಗೆ ತಿಳಿದದ್ದು ಪುಸ್ತಕದಿಂದಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಚಿಕ್ಕಂದಿನಿಂದ ವೀಣೆಯ ಅಭ್ಯಾಸವಿತ್ತು. ನನ್ನ ತಂಗಿಯ ಮಗ ಪುಣೆಗೆ ಕೆಲಸಕ್ಕೆ ಹೋಗುವಾಗ ತನ್ನ ಸಿಂಥಸೈಜರನ್ನು ನಮ್ಮ ಮನೆಯಲ್ಲಿ ಬಿಟ್ಟುಹೋದ. ಮದುವೆ ಮನೆಯ ಆರ್ಕೆಸ್ಟ್ರಾದಲ್ಲಿ ನಾವು ನೋಡುವ ಕೀಬೋರ್ಡಿನಂಥದಲ್ಲ. ಅದರಲ್ಲಿ ‘ಕೊಳಲು’, ‘ಪಿಟೀಲು’ ಎಂದು ಬರೆದ ಗುಂಡಿಗಳಿರುವುದಿಲ್ಲ. ಬರೀ ತಿರುಪುಗಳು, ನಲವತ್ತೋ ಐವತ್ತೋ. ಯಾವ ದನಿ ಬೇಕೋ ಅದನ್ನು ನಾವೇ ಮಾಡಿಕೊಳ್ಳಬೇಕು. ‘ದೊಡ್ಡಮ್ಮ, ವೀಣೆಯ ಬಿರಡೆ ತಿರುಗಿಸಿದ ಹಾಗೆ ತಿರುಗಿಸ್ತಾ ಇರಿ, ಏನೂ ಕೆಟ್ಟುಹೋಗೋದಿಲ್ಲ’ ಎಂದ. ಅವನೇ ನನ್ನ ಲ್ಯಾಪ್‌ಟಾಪಿಗೆ ಇನ್ನೊಂದು ಬಗೆಯ ಸಿಂಥಸೈಜರನ್ನೂ ಹಾಕಿಕೊಟ್ಟ. ಹೀಗೆ ನನ್ನ ಬಳಿ ಮೂರು ವಾದ್ಯಗಳಾದವು: ವೀಣೆ, ತಿರುಪಿನ ಯಂತ್ರ, ಲ್ಯಾಪ್‌ಟಾಪಿನದು. ಡೆಲಿಯಾ ಮಾಡಿದ ಮಂದ್ರದ ಆ ಒಂದು ಮೀಟನ್ನು ಮೂರರಲ್ಲೂ ಕಟ್ಟುವುದೆಂದು ಕೂತೆ.

ವೀಣೆಯದು ಸುಲಭ. ತಂತಿ ಮೀಟಿ, ಫೋನಿನಲ್ಲಿ ಹಿಡಿದು, ಅರ್ಧ ವೇಗಕ್ಕೆ ಇಳಿಸಿದೆ. ಶ್ರುತಿ ಒಂದು ಸ್ಥಾಯಿ ಕೆಳಗಿಳಿಯಿತು, ದನಿಯ ಆಯುಸ್ಸು ಎರಡರಷ್ಟಾಯಿತು. ವೀಣೆ ಎಂದು ಹೇಳಲಾಗದ, ಆದರೆ ಯಾವುದೋ ತಂತಿ ಎಂದು ತಿಳಿಯುವ ಒಂದು ಗಂಭೀರ ನಾದ ಬಂತು. ಡೆಲಿಯಾ ಹಿಡಿದ ದಾರಿಯೇ ಇದು.

ತಿರುಪಿನ ಯಂತ್ರದ ದಾರಿ ಬೇರೆ. ಅದನ್ನು ತಿಳಿಯಲು ತಂಬೂರಿಯನ್ನು ನೆನೆಯಬೇಕು. ತಂಬೂರಿ ಚೆನ್ನಾಗಿ ಶ್ರುತಿಗೂಡಿದಾಗ ಯಾರೂ ಮೀಟದ ಅಂತರ ಗಾಂಧಾರವೊಂದು ತಾನಾಗಿ ಕೇಳಿಸುತ್ತದೆ. ಸ್ವಯಂಭೂ ಗಾಂಧಾರ ಎನ್ನುತ್ತೇವೆ. ಒಂದು ತಂತಿಯ ಒಂದು ಸ್ವರದೊಳಗೆ ಹೀಗೆ ಅನೇಕ ಮರಿಸ್ವರಗಳು ಅಡಗಿರುತ್ತವೆ. ಅವುಗಳಲ್ಲಿ ಯಾವುದು ಎಷ್ಟು ಎಂಬುದರಿಂದ ದನಿಯ ಬಣ್ಣ ಏರ್ಪಡುತ್ತದೆ. ಸಿಂಥಸೈಜರಿನಲ್ಲಿ ಗರಗಸದ ಹಲ್ಲಿನ ಆಕಾರದ ಒಂದು ಅಲೆ ಇರುತ್ತದೆ. ಅದರಲ್ಲಿ ಎಲ್ಲ ಮರಿಸ್ವರಗಳೂ ಇವೆ. ಚೌಕಾಕಾರದ ಇನ್ನೊಂದು ಅಲೆಯಲ್ಲಿ ಒಂದು ಬಿಟ್ಟು ಒಂದು ಮಾತ್ರ ಇರುತ್ತವೆ. ಗರಗಸದ ಅಲೆಯನ್ನು ಹಾಗೇ ಕೇಳಿದರೆ ಜೇನುಗೂಡಿಗೆ ಕಲ್ಲು ಹೊಡೆದಂತೆ. ಅದನ್ನು ಫಿಲ್ಟರ್ ಎಂಬ ಜರಡಿಗೆ ಹಾಕುತ್ತಾರೆ. ಜರಡಿಯನ್ನು ಮುಚ್ಚಿದಂತೆ ಮೇಲಿನ ಮರಿಸ್ವರಗಳು ನಿಂತುಹೋಗಿ ದನಿ ಮಂಕಾಗುತ್ತದೆ, ತೆರೆದಂತೆ ಹೊಳೆಯುತ್ತದೆ. ಮೂರನೆಯದು, ದನಿ ಹುಟ್ಟಿ, ನಿಂತು, ಸಾಯುವ ಕ್ರಮವನ್ನು ನಿಗದಿ ಮಾಡುವ ನಾಲ್ಕು ತಿರುಪುಗಳು. ಎಷ್ಟು ಬೇಗ ಏರಬೇಕು, ಏರಿದ್ದು ಎಷ್ಟು ಬೇಗ ಇಳಿಯಬೇಕು, ಎಲ್ಲಿ ನಿಲ್ಲಬೇಕು, ಬೆರಳು ಎತ್ತಿದ ಮೇಲೆ ಎಷ್ಟು ಹೊತ್ತು ಉಳಿಯಬೇಕು. ಇಷ್ಟೇ. ಸಾವಿರಾರು ದನಿಗಳೂ ಈ ಅಡುಗೆಯ ಸಾಮಾನುಗಳಿಂದಲೇ ಆಗುವುದು.

ಮೀಟಿನ ದನಿಗೆ ಏನು ಬೇಕು? ಏರುವುದು ತಕ್ಷಣ ಆಗಬೇಕು. ನಿಲ್ಲುವ ಮಟ್ಟ ಸೊನ್ನೆಗೆ ಹತ್ತಿರ ಇರಬೇಕು, ಏಕೆಂದರೆ ಮೀಟಿದ ತಂತಿ ಎಲ್ಲೂ ನಿಲ್ಲುವುದಿಲ್ಲ, ಸದಾ ಇಳಿಯುತ್ತಲೇ ಇರುತ್ತದೆ. ಇಷ್ಟು ಮಾಡಿದರೂ ನನ್ನ ಕಿವಿ ಒಪ್ಪಲಿಲ್ಲ. ಯಾರೋ ಹಾರ್ಮೋನಿಯಮ್ಮನ್ನು ತಟ್ಟನೆ ನುಡಿಸಿ ಬಿಟ್ಟಂತೆ ಕೇಳಿತು. ವೀಣೆಯನ್ನು ತೆಗೆದು ಒಂದು ತಂತಿ ಮೀಟಿ, ಅದು ಸಾಯುವವರೆಗೂ ಕಣ್ಣುಮುಚ್ಚಿ ಕೇಳಿದೆ. ಮತ್ತೆ ಮೀಟಿದೆ, ಮತ್ತೆ ಕೇಳಿದೆ. ಅಷ್ಟು ವರ್ಷ ನುಡಿಸಿದ ವಾದ್ಯ ಒಂದು ಮಾತನ್ನು ಆಗ ಹೇಳಿತು: ಮೊದಲು ಹೊಳಪು ಹೋಗುತ್ತದೆ, ಆಮೇಲೆ ದನಿ ಹೋಗುತ್ತದೆ. ಮೀಟಿದ ಕ್ಷಣದಲ್ಲಿ ಮರಿಸ್ವರಗಳೆಲ್ಲ ಚಿಮ್ಮುತ್ತವೆ, ಮೇಲಿನವು ಬೇಗ ಅಡಗುತ್ತವೆ, ಕೆಳಗಿನ ಗಾಢವಾದ ಸ್ವರ ಮಾತ್ರ ಬಹಳ ಹೊತ್ತು ಉಳಿಯುತ್ತದೆ. ಹಾಗಾದರೆ ಜರಡಿಯೂ ದನಿಯ ಜೊತೆಗೆ, ದನಿಗಿಂತ ಬೇಗ ಮುಚ್ಚಬೇಕು. ಆ ತಿರುಪನ್ನು ಕೊಟ್ಟೊಡನೆ ಯಂತ್ರದೊಳಗೆ ತಂತಿ ಹುಟ್ಟಿತು.

ಮೂರನೆಯ ವಾದ್ಯದಲ್ಲಿ ಜರಡಿಯೇ ಇಲ್ಲ. ಅದರ ಹಿಂದೊಂದು ಸ್ವಾರಸ್ಯದ ಕಥೆಯಿದೆ. 1967ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜಾನ್ ಚೌನಿಂಗ್ ಎಂಬ ಸಂಗೀತಗಾರರು ಕಂಪ್ಯೂಟರಿನಲ್ಲಿ ಒಂದು ಸ್ವರಕ್ಕೆ ಕಂಪನ ಕೊಡುತ್ತಿದ್ದರು, ನಾವು ಕಂಪಿತ ಗಮಕ ಎನ್ನುವಂಥದು. ಕಂಪನವನ್ನು ಜೋರು ಮಾಡುತ್ತ, ಯಾವ ಬೆರಳಿಗೂ ಆಗದಷ್ಟು ಜೋರು ಮಾಡಿದಾಗ, ಸ್ವರ ಅಲುಗುವುದು ಕೇಳಿಸದೆ ಸ್ವರದ ಬಣ್ಣವೇ ಬದಲಾಗಿ ಕೇಳಿಸಿತು. ಒಂದು ಅಲೆಯಿಂದ ಇನ್ನೊಂದು ಅಲೆಯನ್ನು ನಡುಗಿಸಿ ದನಿ ಮಾಡುವ ಈ ಕ್ರಮವನ್ನು ಜಪಾನಿನ ಯಮಾಹಾ ಕಂಪನಿ ಕೊಂಡು, 1983ರಲ್ಲಿ ಡಿಎಕ್ಸ್-7 ಎಂಬ ವಾದ್ಯ ಮಾಡಿತು. 80ರ ದಶಕದ ಸಿನಿಮಾ ಹಾಡುಗಳಲ್ಲಿ ಗಾಜಿನ ಗಂಟೆಯಂಥ ದನಿಯೊಂದು ಕೇಳಿಸುತ್ತಿತ್ತಲ್ಲ, ಅಂಥದು ಈ ಬಗೆಯ ವಾದ್ಯಕ್ಕೆ ನೀರು ಕುಡಿದಷ್ಟು ಸುಲಭ, ತಿರುಪಿನ ಯಂತ್ರಕ್ಕೆ ಬಹಳ ಕಷ್ಟ. ಇದರಲ್ಲಿ ಮಂದ್ರದ ಮೀಟನ್ನು ಕಟ್ಟುವಾಗ ತಿರುಪಿನ ಯಂತ್ರದ ಒಂದು ಅಂಕಿಯೂ ಉಪಯೋಗಕ್ಕೆ ಬರಲಿಲ್ಲ. ಉಪಯೋಗಕ್ಕೆ ಬಂದದ್ದು ವೀಣೆ ಹೇಳಿದ ಮಾತು. ನಡುಗಿಸುವ ಅಲೆ ಬೇಗ ಅಡಗಬೇಕು, ನಡುಗಿಸಿಕೊಳ್ಳುವ ಅಲೆ ನಿಧಾನ ಅಡಗಬೇಕು. ಅಂದರೆ ಮೊದಲು ಹೊಳಪು, ಆಮೇಲೆ ದನಿ. ಹಾಗೆ ಇಟ್ಟೊಡನೆ ಇಲ್ಲೂ ತಂತಿ ಹುಟ್ಟಿತು.

ಒಂದರಲ್ಲಿ ನಿಜವಾದ ತಂತಿಯಿದೆ, ಒಂದರಲ್ಲಿ ಗರಗಸದ ಅಲೆಯಿದೆ, ಒಂದರಲ್ಲಿ ಅಲೆಯನ್ನು ನಡುಗಿಸುವ ಅಲೆಯಿದೆ. ಮೂರಕ್ಕೂ ಸಾಮಾನಿನಲ್ಲಿ ಸಂಬಂಧವಿಲ್ಲ. ಇರುವುದು ನಡತೆಯ ಸಂಬಂಧ. ಅತ್ತೆಯ ಸಾರನ್ನು ಬೇರೆ ಊರಿನ ನೀರು, ಬೇರೆ ಬೇಳೆ, ಬೇರೆ ಒಲೆಯಲ್ಲಿ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟು ಚಮಚ ಎಂಬ ಲೆಕ್ಕ ಅಲ್ಲಿ ಕೈಕೊಡುತ್ತದೆ. ಕುದಿ ಯಾವಾಗ ಬರಬೇಕು, ಹುಳಿ ಯಾವಾಗ ಬೀಳಬೇಕು ಎಂಬ ತಿಳಿವಳಿಕೆ ಕೈಹಿಡಿಯುತ್ತದೆ.

ಈ ತಿಳಿವಳಿಕೆಯನ್ನು ಅಳತೆಗೋಲಾಗಿ ಹಿಡಿದು 1972ರ ರೂಪಕ್ಕೆ ಬರೋಣ. ಆ ಹೊತ್ತಿಗೆ ಕಾರ್ಯಾಗಾರಕ್ಕೆ ಸಿಂಥಿ 100 ಎಂಬ ದೊಡ್ಡ ಸಿಂಥಸೈಜರ್ ಬಂದಿತ್ತು. ಬೀರುವಿನಷ್ಟು ಎತ್ತರ, ಗೋಡೆಯಷ್ಟು ಅಗಲ. ಅಡ್ಡ 60, ಉದ್ದ 60 ತೂತುಗಳ ಎರಡು ಮಣೆಗಳು. ತೂತಿಗೆ ಕಡ್ಡಿ ಚುಚ್ಚಿ ಯಾವ ಭಾಗ ಯಾವುದಕ್ಕೆ ಸೇರಬೇಕೆಂದು ಹೇಳಬೇಕು. ಕಾರ್ಯಾಗಾರ ಇದ್ದದ್ದು ಡೆಲವೇರ್ ರಸ್ತೆಯಲ್ಲಾದ್ದರಿಂದ ಅಲ್ಲಿಯವರು ಅದನ್ನು ಡೆಲವೇರ್ ಎಂದೇ ಕರೆಯುತ್ತಿದ್ದರು. ಇದರ ಮೇಲೆ ಅದೇ ಸಂಗೀತವನ್ನು ಹೊಸದಾಗಿ ಕಟ್ಟಿದವರು ಬ್ರಯನ್ ಹಾಜ್ಸನ್, ಪ್ಯಾಡಿ ಕಿಂಗ್ಸ್‌ಲಂಡ್ ಮತ್ತು ಸ್ವತಃ ಡೆಲಿಯಾ. ಮೂಲದ ಕರ್ತೃವೇ ಕೂತಿದ್ದಾರೆ, ಯಂತ್ರವೂ ಉತ್ತಮವಾದದ್ದು. ಆದರೂ ಅದು ಸೋತಿತು. ಕೇಳಿ ನೋಡಿ, ಮಂದ್ರದ ಆ ಗಂಭೀರ ಮೀಟು ಇಲ್ಲಿ ಮೋರ್ಸಿಂಗ್ ನುಡಿಸಿದ ಹಾಗೆ ‘ಟೊಂಯ್ ಟೊಂಯ್’ ಎನ್ನುತ್ತದೆ. ಪ್ರತಿ ಸ್ವರದಲ್ಲೂ ಹೊಳಪು ಹೋಗುವ ಬದಲು ಸುಳಿದಾಡುತ್ತದೆ, ಬಾಯಿ ತೆರೆದು ಮುಚ್ಚಿದಂತೆ. ಹೆದರಿಸಬೇಕಾದದ್ದು ನಗಿಸುತ್ತದೆ. ಬಿಬಿಸಿಯವರೂ ಅದನ್ನು ಕೈಬಿಟ್ಟರು. ಆಸ್ಟ್ರೇಲಿಯಕ್ಕೆ ಹೋದ ಒಂದೆರಡು ಕಂತುಗಳ ಪ್ರತಿಗಳಲ್ಲಿ ಮಾತ್ರ ಅದು ಉಳಿದುಕೊಂಡಿತು.

ಮೊದಲನೆಯದು ಕೈಯಿಂದ ಮಾಡಿದ್ದು, ಅದಕ್ಕೇ ಚೆನ್ನ. ಎರಡನೆಯದು ಯಂತ್ರದ್ದು, ಅದಕ್ಕೇ ಸಪ್ಪೆ ಎಂದು ಹೇಳುವವರಿದ್ದಾರೆ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಟೇಪು ರೆಕಾರ್ಡರೂ ಯಂತ್ರವೇ. ಸಿಂಥಿ 100ರ ಕಡ್ಡಿ ಚುಚ್ಚುವುದೂ ಕೈಯೇ. ವ್ಯತ್ಯಾಸ ಬೇರೆ ಕಡೆ ಇದೆ. ಟೇಪಿನಲ್ಲಿ ಹಿಡಿದ ತಂತಿ ತನ್ನ ಹುಟ್ಟುಸಾವಿನ ಕ್ರಮವನ್ನು ತಾನೇ ಹೊತ್ತು ತಂದಿತ್ತು. ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಸಿಂಥಸೈಜರಿಗೆ ಆ ಕ್ರಮವನ್ನು ಹೊರಗಿನಿಂದ ಹೇಳಿಕೊಡಬೇಕು. ಹೇಳಿಕೊಡದೆ ಬಿಟ್ಟ ಜಾಗದಲ್ಲೆಲ್ಲ ಯಂತ್ರ ತನ್ನ ಸ್ವಂತ ಅಭ್ಯಾಸವನ್ನು ತುಂಬಿಬಿಡುತ್ತದೆ. 1972ರ ರೂಪದಲ್ಲಿ ನಮಗೆ ಕೇಳಿಸುವುದು ಆ ಯಂತ್ರದ ಅಭ್ಯಾಸ.

ಎಂಟು ವರ್ಷದ ನಂತರ, 1980ರಲ್ಲಿ, ಅದೇ ಕಾರ್ಯಾಗಾರದ ಪೀಟರ್ ಹೊವೆಲ್ ಮೂರನೆಯ ರೂಪ ಕಟ್ಟಿದರು. ಅವರ ಬಳಿ ಇದ್ದವು ಯಮಾಹಾ ಸಿಎಸ್-80, ಆರ್ಪ್ ಒಡಿಸ್ಸಿ, ರೋಲೆಂಡ್ ಜುಪಿಟರ್-4, ಮತ್ತು ಮನುಷ್ಯರ ಮಾತಿನ ಆಕಾರವನ್ನು ವಾದ್ಯದ ದನಿಗೆ ತೊಡಿಸುವ ವೋಕೋಡರ್ ಎಂಬ ಯಂತ್ರ. ಮೂಲದ ಶ್ರುತಿಯನ್ನು ಒಂದು ಪೂರ್ಣ ಸ್ವರದಷ್ಟು ಏರಿಸಿದರು. ಮಂದ್ರದ ಭಾಗವನ್ನು ಸಿಎಸ್-80ರಲ್ಲಿ ನುಡಿಸಿದರು. ಕೇಳಿದರೆ ಬಣ್ಣ ಪೂರ್ತಿ ಬೇರೆ. ಹತ್ತಿ ಸೀರೆಯ ಜಾಗದಲ್ಲಿ ಜರಿ ಸೀರೆ ಬಂದಂತೆ. ಆದರೂ ಇದು ಅದೇ ಎಂದು ಕಿವಿ ಒಪ್ಪುತ್ತದೆ. ಪ್ರತಿ ಸ್ವರವೂ ತಟ್ಟನೆ ಹುಟ್ಟುತ್ತದೆ, ಹೊಳಪನ್ನು ಮೊದಲು ಬಿಟ್ಟುಕೊಡುತ್ತದೆ, ಮುಂದಿನ ಸ್ವರಕ್ಕೆ ಜಾಗ ಬಿಟ್ಟು ಸರಿಯುತ್ತದೆ. ಹೊವೆಲ್ ಹಳೆಯ ದನಿಯ ವೇಷವನ್ನು ಬಿಟ್ಟು ನಡಿಗೆಯನ್ನು ಹಿಡಿದರು. ತನ್ನ ಮೂಲದ ಮೇಲೆ ಮುಂದಿನವರು ಮಾಡಿದ ಬದಲಾವಣೆಗಳು ಡೆಲಿಯಾಗೆ ರುಚಿಸಲಿಲ್ಲ. ಆಕೆಯ ಮೇಲೆ ನನಗಿರುವ ಗೌರವ ಕಡಿಮೆಯಾಗದೆಯೇ ಹೇಳುತ್ತೇನೆ, ಈ ಒಂದು ರೂಪದ ಮಟ್ಟಿಗೆ ನನ್ನ ಕಿವಿ ಬೇರೆ ತೀರ್ಪು ಕೊಡುತ್ತದೆ.

ಹೊವೆಲ್ ರೂಪದಲ್ಲಿ ನನಗೆ ಕೊರತೆ ಕಾಣುವುದು ಮೇಲಿನ ರಾಗದ ಜಾರಿನಲ್ಲಿ. ಡೆಲಿಯಾಳದು ಗುಂಡಿ ತಿರುಗಿಸಿದ ಬೆರಳಿನ ಜಾರು. ಎರಡು ಸ್ವರಗಳ ನಡುವಿನ ದಾರಿಯಲ್ಲಿ ಅದು ಒಮ್ಮೆ ತಡೆಯುತ್ತದೆ, ಒಮ್ಮೆ ಓಡುತ್ತದೆ, ತಲುಪುವ ಮುನ್ನ ಸ್ವಲ್ಪ ಯೋಚಿಸುತ್ತದೆ. ವೀಣೆಯಲ್ಲಿ ತಂತಿ ಎಳೆದು ಸ್ವರ ಮುಟ್ಟುವವರಿಗೆ ಇದು ಹೊಸದಲ್ಲ. ಕೀಲಿಮಣೆಯ ಸಿಂಥಸೈಜರಿನಲ್ಲಿ ಜಾರಿಗೂ ಒಂದು ತಿರುಪು ಇರುತ್ತದೆ. ಅದನ್ನು ಎಷ್ಟಕ್ಕೆ ಇಟ್ಟರೆ ಅಷ್ಟೇ, ಪ್ರತಿ ಸಲವೂ ಅಳೆದಂತೆ ಜಾರುತ್ತದೆ. ಆ ಅಳತೆಯ ಜಾರನ್ನೂ ಒಳ್ಳೆಯ ಕಿವಿ ದುಡಿಸಿಕೊಳ್ಳಬಲ್ಲದು. ಮುಂಬಯಿಯ ಸಿನಿಮಾ ವಾದ್ಯವೃಂದಗಳಲ್ಲಿ ದುಡಿದ ಚರಣ್‌ಜಿತ್ ಸಿಂಗ್ 1982ರಲ್ಲಿ ಜುಪಿಟರ್-8, ಟಿಬಿ-303, ಟಿಆರ್-808 ಎಂಬ ಮೂರು ರೋಲೆಂಡ್ ಯಂತ್ರಗಳನ್ನಿಟ್ಟುಕೊಂಡು ಹತ್ತು ಹಿಂದೂಸ್ತಾನಿ ರಾಗಗಳ ಒಂದು ರೆಕಾರ್ಡು ಮಾಡಿದರು. ಆಗ ಅದನ್ನು ಕೇಳಿದವರು ಕಡಿಮೆ. 2010ರಲ್ಲಿ ವಿದೇಶದಲ್ಲಿ ಮರುಮುದ್ರಣವಾದ ಮೇಲೆ ಹೆಸರಾಯಿತು. ಅದರಲ್ಲಿ ಮೀಂಡಿನ ಎಲ್ಲ ಸೂಕ್ಷ್ಮವೂ ಇದೆ ಎನ್ನಲಾರೆ. ಆದರೆ ಎಲ್ಲಿ ಜಾರಬೇಕು, ಎಲ್ಲಿ ಜಾರಬಾರದು ಎಂಬ ವಿವೇಕ ಇದೆ. ಯಂತ್ರಕ್ಕೆ ಹೇಳಿಕೊಡಬೇಕಾದದ್ದು ಅದನ್ನೇ.

ದನಿಯನ್ನು ಉಳಿಸಲು ಇನ್ನೊಂದು ಸುಲಭದ ದಾರಿಯಿದೆ. ಕಟ್ಟುವ ಗೋಜೇ ಬೇಡವೆಂದು ಮೂಲವನ್ನೇ ಕತ್ತರಿಸಿ ತಂದು ಹಚ್ಚುವುದು. 2005ರಲ್ಲಿ ಧಾರಾವಾಹಿ ಮತ್ತೆ ಶುರುವಾದಾಗ ಮರ್ರಿ ಗೋಲ್ಡ್ ಡೆಲಿಯಾಳ ಧ್ವನಿಮುದ್ರಣದ ತುಣುಕುಗಳನ್ನೇ ಎತ್ತಿಕೊಂಡು ಸುತ್ತ ವಾದ್ಯವೃಂದದ ಅಬ್ಬರವನ್ನು ಸೇರಿಸಿದರು. ಅಜ್ಜಿಯ ಅಡ್ಡಿಕೆಯನ್ನು ಹೊಸ ರೇಷ್ಮೆ ಸೀರೆಯ ಮೇಲೆ ತೊಟ್ಟಂತೆ. ಚೆಂದವೇ, ಒಡವೆಗೆ ಮರ್ಯಾದೆಯೇ. ಆದರೆ ಹಾಗೆ ತೊಟ್ಟವಳಿಗೆ ಒಡವೆ ಮಾಡುವುದು ತಿಳಿಯುವುದಿಲ್ಲ. ನಮ್ಮಲ್ಲೂ ಇಂಥದೇ ಎರಡು ದಾರಿಗಳು ತಂಬೂರಿಯ ವಿಷಯದಲ್ಲಿ ಕಾಣುತ್ತವೆ. ಎಂಜಿನಿಯರೂ ಕೊಳಲು ವಾದಕರೂ ಆದ ಬೆಂಗಳೂರಿನ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಮಾಡಿದಾಗ, ಕುದುರೆಯ ಮೇಲೆ ತಂತಿಯಡಿ ಇಡುವ ದಾರದ ಎಳೆಯಿಂದ ಬರುವ ಆ ಝೇಂಕಾರ ಏನೆಂದು ತಿಳಿದು ವಿದ್ಯುತ್ತಿನಲ್ಲಿ ಕಟ್ಟಬೇಕಾಗಿತ್ತು. ಇಂದು ಫೋನಿನಲ್ಲಿ ಸಿಗುವ ಎಷ್ಟೋ ತಂಬೂರಿಗಳು ನಿಜವಾದ ತಂಬೂರಿಯ ಧ್ವನಿಮುದ್ರಣಗಳು. ಕಿವಿಗೆ ಎರಡನೆಯದೇ ಹೆಚ್ಚು ಇಂಪು ಎಂದರೆ ನಾನು ವಾದಿಸುವುದಿಲ್ಲ. ತಂಬೂರಿ ಎಂದರೇನು ಎಂಬುದಕ್ಕೆ ಉತ್ತರ ಹುಡುಕಿದ್ದು ಮಾತ್ರ ಮೊದಲನೆಯದು.

ಇದನ್ನೆಲ್ಲ ಇಷ್ಟು ಬಿಡಿಸಿ ಬರೆಯಲು ಒಂದು ಕಾರಣವಿದೆ. ರಾಗ ಹಾಕಿದವರು ಸೃಷ್ಟಿಕರ್ತರು, ದನಿ ಕಟ್ಟಿದವರು ಬರೀ ಕೆಲಸಗಾರರು ಎಂಬ ನಂಬಿಕೆಯೊಂದು ಲೋಕದಲ್ಲಿದೆ. ಗ್ರೇನರ್ ದೊಡ್ಡ ಮನಸ್ಸಿನವರು. ತಮ್ಮ ಒಂದು ಹಾಳೆ ಏನಾಗಿ ಬಂದಿದೆ ಎಂಬುದನ್ನು ಕೇಳಿ ಬೆರಗಾಗಿ, ಡೆಲಿಯಾಗೂ ಗೌರವಧನದಲ್ಲಿ ಅರ್ಧ ಪಾಲು ಸಿಗಬೇಕೆಂದರು. ಬಿಬಿಸಿಯ ನಿಯಮ ಒಪ್ಪಲಿಲ್ಲ. ಕಾರ್ಯಾಗಾರದ ನೌಕರರಿಗೆ ಸಂಬಳವಿದೆ, ಹೆಸರು ಸಂಸ್ಥೆಯದು. ಡೆಲಿಯಾ 1973ರಲ್ಲಿ ಬಿಬಿಸಿ ಬಿಟ್ಟರು, 2001ರ ಜುಲೈ 3ರಂದು ತೀರಿಕೊಂಡರು. ಮನೆಯ ಅಟ್ಟದಲ್ಲಿ 267 ಟೇಪುಗಳು ಸಿಕ್ಕವು. ಅವು ಮುಂದೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯವನ್ನು ಸೇರಿದವು. ಧಾರಾವಾಹಿಯ ತೆರೆಯ ಮೇಲೆ ಆ ಸಂಗೀತಕ್ಕಾಗಿ ಆಕೆಯ ಹೆಸರು ಬಂದದ್ದು 2013ರಲ್ಲಿ, ಐವತ್ತನೆಯ ವರ್ಷದ ವಿಶೇಷ ಕಂತಿನಲ್ಲಿ.

ಹೆಸರು ಕೊಡದಿದ್ದದ್ದು ಅನ್ಯಾಯ ಎಂದು ಇಂದು ಎಲ್ಲರೂ ಹೇಳುತ್ತಾರೆ. ಅಷ್ಟು ಹೇಳಿ ಸುಮ್ಮನಾದರೆ ವಿಮರ್ಶೆಯ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ದನಿ ಕಟ್ಟಿದವರದು ಏಕೆ ಸೃಷ್ಟಿ ಎಂಬುದನ್ನು ತೋರಿಸಬೇಕು. 1972ರ ರೂಪವೇ ಅದಕ್ಕೆ ಸಾಕ್ಷಿ. ಗ್ರೇನರ್ ಅವರ ರಾಗ ಅದರಲ್ಲಿ ಇದ್ದೇ ಇದೆ, ಆದರೂ ಸಂಗೀತ ಇಲ್ಲ. ರಾಗ ಇದ್ದೂ ಹೋಗಿಬಿಟ್ಟದ್ದು ಯಾವುದೋ ಅದೇ ಡೆಲಿಯಾ 1963ರಲ್ಲಿ ಕೊಟ್ಟದ್ದು. 1980ರಲ್ಲಿ ಹೊವೆಲ್ ಬೇರೆ ಯಂತ್ರ, ಬೇರೆ ಶ್ರುತಿ, ಬೇರೆ ಬಣ್ಣದಲ್ಲಿ ಮತ್ತೆ ಹುಡುಕಿ ತಂದದ್ದೂ ಅದನ್ನೇ. ಹೀಗೆ ಕಳೆದುಹೋಗಬಲ್ಲದ್ದು, ಮತ್ತೆ ಇನ್ನೊಬ್ಬರ ಶ್ರಮದಿಂದ ಸಿಗಬಲ್ಲದ್ದು ಯಾವುದಿದೆಯೋ ಅದು ಕೃತಿಯ ಭಾಗವೇ ಹೊರತು ಕೂಲಿಯ ಕೆಲಸವಲ್ಲ.

ನೀವೂ ಮೂರನ್ನೂ ಕೇಳಿ. ರಾಗದ ಹಿಂದೆ ಹೋಗದೆ ಮಂದ್ರದ ಒಂದು ಸ್ವರವನ್ನು ಮಾತ್ರ ಹಿಡಿಯಿರಿ. ಅದು ಹೇಗೆ ಹುಟ್ಟುತ್ತದೆ, ಅದರ ಹೊಳಪು ಯಾವಾಗ ಹೋಗುತ್ತದೆ, ದನಿ ಯಾವಾಗ ಹೋಗುತ್ತದೆ ಎಂದು ಗಮನಿಸಿ. ಇಯರ್‌ಫೋನ್ ಹಾಕಿಕೊಂಡರೆ ಒಳ್ಳೆಯದು. ಫೋನಿನ ಪುಟ್ಟ ಸ್ಪೀಕರಿನಲ್ಲಿ ಮಂದ್ರ ಅಷ್ಟಾಗಿ ಕೇಳಿಸುವುದಿಲ್ಲ.